ನಾಣ್ಯ ಬಡಿದು ಸೈಕಲ್ ಕೊಳ್ಳುವುದು

ಸೈಕಲ್ ಕೊಳ್ಳುವಾಗ ಗೆಳೆಯರು ನನ್ನನ್ನು ಕರೆಯುವುದು ನನ್ನ ಕಿವಿಗಾಗಿ. ಕಾಲಿಗಾಗಿ ಇದುವರೆಗೆ ಯಾರೂ ಕರೆದದ್ದಿಲ್ಲ. ಕಾಲಿನ ಹಣೆಬರಹ ನನ್ನ ಡೈರಿಯಲ್ಲೇ ಇದೆ. ಪಂದ್ಯವಾದ ದಿನ ತಾರೀಖು, ಗಾಳಿ ಬೀಸಿದ ದಿಕ್ಕು, ನಾನು ಎಷ್ಟನೆಯವನಾಗಿ ಬಂದೆ ಎಂಬುದನ್ನು ಬರೆದಿಡುವ ಚಟ ನನಗೆ. ಮೊದಲೆರಡು ಓದಲು ಚೆನ್ನಾಗಿರುತ್ತವೆ. ಮೂರನೆಯದನ್ನು ನಾನೇ ಬೇಗ ಬೇಗ ದಾಟಿಬಿಡುತ್ತೇನೆ.

ಏರಿನಲ್ಲಿ ನಾನು ಅಷ್ಟೇನೂ ಹಿಂದೆ ಬೀಳುವವನಲ್ಲ. ಇಳಿಜಾರಿನಲ್ಲಿ ಮಾತ್ರ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ. ಕೆಲವರು ದಾಟುವಾಗ ಕ್ಷೇಮಸಮಾಚಾರವನ್ನೂ ವಿಚಾರಿಸುತ್ತಾರೆ. ಕಾರಣ ಸರಳ: ನನಗೆ ಅಂಜಿಕೆ. ಏರುವಾಗ ಅಂಜುವಷ್ಟು ಉಸಿರು ಉಳಿದಿರುವುದಿಲ್ಲ. ಇಳಿಯುವಾಗ ಮೈಗೆ ಬಿಡುವು ಸಿಗುತ್ತದೆ, ಬಿಡುವು ಸಿಕ್ಕಲ್ಲಿ ಅಂಜಿಕೆ ಬಂದು ಕಾಲು ಚಾಚಿ ಕೂರುತ್ತದೆ.

ಡೈರಿಯ ಹಿಂಬದಿಯ ಹಾಳೆಗಳಲ್ಲಿ ನನ್ನ ಅಂಜಿಕೆಗಳ ಪಟ್ಟಿಯೂ ಇದೆ. ಸಿಮೆಂಟ್ ಲಾರಿ ಮೊದಲನೆಯದು. ಲಾರಿಗಿಂತ, ಅದಕ್ಕೆ ಹೊದಿಸಿದ ತಾಡಪತ್ರಿಯಿಂದ ಬಿಚ್ಚಿಕೊಂಡು ಗಾಳಿಯಲ್ಲಿ ಚಾಟಿಯಂತೆ ಆಡುವ ಹಗ್ಗ ಇನ್ನೂ ಕೆಟ್ಟದ್ದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ತೊಗರಿ ಕಟ್ಟಿಗೆ. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿ ಹೊಲದಿಂದ ಡಾಂಬರಿಗೆ ತಂದು ಬಳಿಯುವ ಕರಿಮಣ್ಣು. ಮಳಖೇಡದ ಸೇತುವೆಯ ನಾಯಿಗಳು. ಒಂದು ಕಾಲಕ್ಕೆ ದೊಡ್ಡ ಅರಸರು ಆಳಿದ ಊರು ಅದು, ಇಂದಿಗೂ ಕೋಟೆಯ ಕಾವಲನ್ನು ಬಿಟ್ಟುಕೊಡದವರು ಆ ನಾಯಿಗಳು ಮಾತ್ರ. ಪಟ್ಟಿಯ ಪಕ್ಕದಲ್ಲಿ ಎರಡು ಗುರುತು ಹಾಕುತ್ತೇನೆ: ನಿಜವಾಗಿ ಎದುರಾದದ್ದು, ಬರೀ ಊಹಿಸಿಕೊಂಡದ್ದು. ಎರಡನೆಯ ಗುರುತುಗಳೇ ಹೆಚ್ಚು ಎಂದು ಬೇರೆ ಹೇಳಬೇಕಿಲ್ಲ.

ಈ ಪಟ್ಟಿಯಲ್ಲಿ ಕೊನೆಗೆ ಸೇರಿದ್ದು ಕಾರ್ಬನ್.

ನಮ್ಮದು ಸಣ್ಣ ಗುಂಪು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂರುಗಳಲ್ಲಿ ಚದುರಿರುವ, ಭಾನುವಾರ ಬೆಳಗ್ಗೆ ಬಿಗಿ ಅಂಗಿ ತೊಟ್ಟು ಬಗ್ಗಿದ ಹ್ಯಾಂಡಲ್ಲಿನ ಸೈಕಲ್ ಹತ್ತಿ ಹೊರಟರೆ ಊರ ಜನ "ಇವರಿಗೆ ಮನ್ಯಾಗ ಕೆಲಸ ಇಲ್ಲೇನು" ಎಂದು ನೋಡುವಂಥವರು. ನಮ್ಮ ಸಂಬಳಕ್ಕೆ ಹೊಸ ರೇಸ್ ಸೈಕಲ್ಲು ಎಟುಕುವುದಿಲ್ಲ. ಹಾಗಾಗಿ ಒಬ್ಬರದು ಇನ್ನೊಬ್ಬರಿಗೆ, ಅವರದು ಮತ್ತೊಬ್ಬರಿಗೆ. ಪ್ರತಿ ಸೈಕಲ್ಲಿಗೂ ಒಂದು ವಂಶಾವಳಿ ಇದೆ. ನಾನು ಓಡಿಸುವ ಅಲ್ಯೂಮಿನಿಯಂ ಸೈಕಲ್ಲು ಮೂರು ಮನೆಯ ಅನ್ನ ಉಂಡು ನನ್ನ ಮನೆಗೆ ಬಂದದ್ದು.

ಈ ಕೊಡುಕೊಳ್ಳುವಿಕೆಗೆ ನಮ್ಮದೇ ಆದ ರೀತಿ ರಿವಾಜು ಬೆಳೆದಿವೆ. ಸೈಕಲ್ ಬಿದ್ದಿತ್ತೇ ಎಂದು ನೇರವಾಗಿ ಕೇಳುವುದು ಅಸಭ್ಯತೆ. "ಎಲ್ಲೆರ ಕುಂತಿತ್ತೇನ್ರಿ?" ಎನ್ನಬೇಕು. ಎಲ್ಲಾದರೂ ಸ್ವಲ್ಪ ಕುಳಿತಿತ್ತೇ ಎಂಬಂತೆ, ದಣಿದವರ ಬಗ್ಗೆ ಕೇಳುವ ಹಾಗೆ. ಮಾರುವವರು ಸೈಕಲ್ಲನ್ನು ಬರಿದಾಗಿ ಕೊಡಬಾರದು, ಅದರ ಬಾಟಲಿಗೆ ತಮ್ಮ ಮನೆಯ ನೀರು ತುಂಬಿಸಿ ಕೊಡಬೇಕು. ತುಂಬಿದ ಬಾಟಲಿ ಕೈಬದಲಾದರೆ ವ್ಯಾಪಾರ ಮುಗಿದಂತೆ, ಮತ್ತೆ ಮಾತಿಲ್ಲ. ಅಕಸ್ಮಾತ್ ಕೊಂಡವರಿಗೆ ಬೇಡವಾದರೆ? ಅವರೂ ಅದೇ ಬಾಟಲಿಯನ್ನು ತುಂಬಿಸಿ ವಾಪಸ್ ಕೊಡಬಹುದು, ಆಗ ಮಾರಿದವರು ಯಾಕೆ ಏನು ಎನ್ನದೆ ಸೈಕಲ್ ಹಿಂತೆಗೆದುಕೊಳ್ಳಬೇಕು. ಹೀಗೆ ನಿಯಮವೇನೋ ಇದೆ. ಆದರೆ ಯಾರೂ ಬಾಟಲಿ ಹಿಂದಿರುಗಿಸಿದ್ದಿಲ್ಲ. ಗೆಳೆಯನ ಮುಖಕ್ಕೆ ಹೊಡೆದ ಹಾಗಲ್ಲವೇ ಅದು?

ಈಗ ಕಾರ್ಬನ್ನಿನ, ಅಂದರೆ ಕಾರ್ಬನ್ ನಾರಿನಿಂದ ಮಾಡಿದ ಸೈಕಲ್ಲಿನ ಸಮಾಚಾರ. ಕಬ್ಬಿಣದ ಸೈಕಲ್ಲು ನಮ್ಮ ಸೋದರಮಾವನ ಹಾಗೆ. ಪೆಟ್ಟಾದರೆ ಬಾಗುತ್ತದೆ, ಕಿರುಗುಟ್ಟುತ್ತದೆ, ಊರಿಗೆಲ್ಲ ಹೇಳಿಕೊಂಡು ಅಳುತ್ತದೆ. ಕಾರ್ಬನ್ ಹಾಗಲ್ಲ. ಗರಿಯಂತೆ ಹಗುರ, ನೋಡಲು ಲಕ್ಷಣ. ಒಳಗೆ ಬಿರುಕಿದ್ದರೆ ಬಾಯಿಬಿಡುವುದಿಲ್ಲ. ದಿನಗಟ್ಟಲೆ ಸುಮ್ಮನಿದ್ದು, ಒಂದು ಇಳಿಜಾರಿನಲ್ಲಿ, ಒಂದು ಗುಂಡಿಯಲ್ಲಿ, ಒಮ್ಮೆಗೇ ಎರಡಾಗಬಹುದು. ಮನುಷ್ಯರಲ್ಲೂ ಇಂಥವರಿದ್ದಾರೆ, ಆದರೆ ಅವರ ಮೇಲೆ ಕೂತು ನಾವು ಗುಡ್ಡ ಇಳಿಯುವುದಿಲ್ಲ.

ಇದನ್ನು ಪರೀಕ್ಷಿಸಲು ದೊಡ್ಡ ಊರುಗಳಲ್ಲಿ ಯಂತ್ರಗಳಿವೆಯಂತೆ. ನಮ್ಮಲ್ಲಿರುವುದು ನಾಣ್ಯ. ನಾಣ್ಯದ ಅಂಚಿನಿಂದ ಕೊಳವೆಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಬೇಕು. ಗಟ್ಟಿಯಿದ್ದರೆ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ದಬ್ ಎನ್ನುತ್ತದೆ. ಇಲ್ಲಿ ನನ್ನ ಕಿವಿಯ ಕಥೆ ಬರುತ್ತದೆ. ನಮ್ಮ ಮನೆ ಶಹಾಬಾದಿನಲ್ಲಿ, ಅಪ್ಪನದು ಫರ್ಸಿ ಕಲ್ಲಿನ ವ್ಯಾಪಾರ. ಅರ್ಧ ನಾಡಿನ ಅಂಗಳ ಅಡುಗೆಮನೆಗಳ ನೆಲ ನಮ್ಮೂರಿನ ಹಾಸುಗಲ್ಲು. ಲಾರಿಗೇರಿಸುವ ಮುನ್ನ ಒಂದೊಂದು ಕಲ್ಲನ್ನೂ ಬಡಿದು ಕೇಳುತ್ತಾರೆ. ನನಗೆ ಅ ಆ ಇ ಈ ಬರುವ ಮೊದಲೇ ಟಣ್ ದಬ್ ಬರುತ್ತಿತ್ತು. ಅಮ್ಮ ನನ್ನ ಬೆನ್ನು ತಟ್ಟಿ ಮಲಗಿಸುವಾಗಲೂ ಅಪ್ಪ ಪಕ್ಕದಿಂದ "ಗಟ್ಟಿ ಅದ, ಗಟ್ಟಿ ಅದ" ಎನ್ನುತ್ತಿದ್ದನಂತೆ.

ಬಡಿದು ಕೇಳುವುದು ಎಷ್ಟು ಹಳೆಯ ವಿದ್ಯೆ ನೋಡಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಕೆ ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ. ಕಲ್ಲಂಗಡಿ ಕೊಳ್ಳುವಾತ ಅಂಗೈಯಿಂದ ತಟ್ಟುತ್ತಾನೆ, ಏನೂ ತಿಳಿಯದಿದ್ದರೂ ತಲೆ ಆಡಿಸುತ್ತಾನೆ. ಡಾಕ್ಟರು ಎದೆಯ ಮೇಲೆ ಬೆರಳಿಟ್ಟು ಬೆರಳಿನ ಮೇಲೆ ಬಡಿಯುತ್ತಾರೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ನಿಂತಾಗ ರೈಲ್ವೆಯವರು ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಾಲಿಗೂ ಬಡಿಯುತ್ತ ಹೋಗುವುದನ್ನು ನಾನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡುತ್ತಿದ್ದೆ. ಗಾಡಿಯೊಳಗಿನ ಜನ ಉಪ್ಪಿಟ್ಟು ತಿನ್ನುತ್ತ, ಜಗಳಾಡುತ್ತ, ನಿದ್ದೆ ಮಾಡುತ್ತ ಇರುತ್ತಿದ್ದರು. ತಮ್ಮ ಜೀವವನ್ನು ಯಾರೋ ಕೆಳಗೆ ನಿಂತು ಕಿವಿಯಿಂದ ಅಳೆಯುತ್ತಿದ್ದಾರೆ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಆ ಸುತ್ತಿಗೆಯವರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತಿತ್ತೋ ಎಂಬ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಈ ವರ್ಷ.

ವಾಡಿಯ ಶಿವಶರಣಪ್ಪಣ್ಣ ರೈಲ್ವೆ ನೌಕರ, ನಮ್ಮ ಗುಂಪಿನ ಹಿರಿಯ, ಇಳಿಜಾರಿನ ಹುಲಿ. ಹ್ಯಾಂಡಲ್ ಬಿಟ್ಟು ಎರಡೂ ಕೈ ಸೊಂಟಕ್ಕಿಟ್ಟು ಗುಡ್ಡ ಇಳಿಯುವ ಮನುಷ್ಯ. ಅವನು ಬೇರೆ ಸೈಕಲ್ ತಂದು, ತನ್ನ ಕೆಂಪು ಕಾರ್ಬನ್ನನ್ನು ಮಾರಲು ತೆಗೆದ. ಚಿತ್ತಾಪುರದ ರೇಣುಕಕ್ಕ ಕೊಳ್ಳುವುದೆಂದು ಮಾತಾಯಿತು. ಆಕೆ ಶಾಲೆಯೊಂದರ ಆಟದ ಟೀಚರು. ಇಷ್ಟು ದಿನ ಓಡಿಸಿದ್ದು ಒಂದು ಭಾರದ ಕಬ್ಬಿಣದ ಸೈಕಲ್ಲು. ಅದರಲ್ಲೇ ನಮ್ಮಲ್ಲಿ ಅರ್ಧ ಜನರನ್ನು ಸೋಲಿಸುತ್ತಿದ್ದಳು. ಕೆಂಪು ಸೈಕಲ್ ಸಿಕ್ಕರೆ ಚಿಂಚೋಳಿ ಗುಡ್ಡದಲ್ಲಿ ನಾವು ನಡೆಸುವ ಪಂದ್ಯ ತನ್ನದೇ ಎಂದು ಲೆಕ್ಕ ಹಾಕಿದ್ದಳು. ಕಿವಿಯ ಪರೀಕ್ಷೆಗೆ ನನ್ನನ್ನು ಕರೆಸಿದರು.

ವಾಡಿಯ ಕ್ವಾರ್ಟರ್ಸಿನ ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಎರಡು ಗುಂಡುಕಲ್ಲುಗಳ ಮೇಲೆ ಒಂದು ಉದ್ದನೆಯ ಹಾಸುಗಲ್ಲು ಇಟ್ಟಿದ್ದರು. ಗಾಲಿಗಳನ್ನು ಬಿಚ್ಚಿ, ಬರೀ ಚೌಕಟ್ಟನ್ನು ಆ ಕಲ್ಲಿನ ಮೇಲೆ ನಿಲ್ಲಿಸಿದ ಶಿವಶರಣಪ್ಪಣ್ಣ. ನಾನು ಕಣ್ಣು ಮುಚ್ಚಿದೆ. ಮುಚ್ಚಬೇಕೆಂದೇನೂ ಇಲ್ಲ, ಮುಚ್ಚಿದರೆ ಜನ ನಂಬುತ್ತಾರೆ. ತುದಿಯಿಂದ ತುದಿಗೆ ಬಡಿದೆ. ಟಣ್, ಟಣ್, ಟಣ್. ದೇವಸ್ಥಾನದ ಗಂಟೆ ಕೇಳಿದಂತಾಯಿತು.

"ಎಲ್ಲೆರ ಕುಂತಿತ್ತೇನ್ರಿ ಅಣ್ಣಾರ?" ಎಂದಳು ರೇಣುಕಕ್ಕ.

"ಎಲ್ಲೂ ಕುಂತಿಲ್ಲವ್ವ. ನಾ ಬಿದ್ರ ಅದಕ್ಕಿಂತ ಮೊದಲ ನಾನ ಕುಂದರ್ತೀನಿ, ಅದಕ್ಕ ಕುಂದರ್ಸಂಗಿಲ್ಲ," ಎಂದ ಅವನು. ಸುಳ್ಳು ಹೇಳುವವನಲ್ಲ.

"ಡೈರಿ, ನೀ ಏನಂತಿ?" ಎಂದು ಆಕೆ ನನ್ನತ್ತ ತಿರುಗಿದಳು. ಗುಂಪಿನಲ್ಲಿ ನನ್ನ ಹೆಸರೇ ಡೈರಿ.

"ಪಕ್ಕಾ ಗಟ್ಟಿ ಅದ ಅಕ್ಕಾ. ಕಣ್ಣ ಮುಚ್ಚಿ ತಗೊ."

"ನೀ ಮುಚ್ಚಿದಿಯಲ್ಲ, ಸಾಕು," ಎಂದು ನಕ್ಕು ತುಂಬಿದ ಬಾಟಲಿ ಇಸಿದುಕೊಂಡಳು.

ಆಮೇಲಿನ ಬುಧವಾರ ಸಂಜೆ ಅಪ್ಪನ ಕಲ್ಲಿನ ಅಂಗಳದಲ್ಲಿ ನನ್ನ ಸೈಕಲ್ಲಿನ ಸರಪಳಿಗೆ ಎಣ್ಣೆ ಹಾಕುತ್ತಿದ್ದೆ. ಮುಂದಿನ ಗಾಲಿ ಬಿಚ್ಚಿ, ಫೋರ್ಕನ್ನು ಒಂದು ಫರ್ಸಿಯ ಅಂಚಿಗೆ ಊರಿದ್ದೆ. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಜಾರಿ ಚೌಕಟ್ಟಿಗೆ ತಗುಲಿತು. ಟಣ್ ಎಂದಿತು. ಎಷ್ಟು ಇಂಪಾದ ಟಣ್! ನನ್ನ ಸೈಕಲ್ಲಿಗೆ ಇಂಥ ಕಂಠ ಎಂದಿನಿಂದ ಬಂತು ಎಂದು ಇನ್ನೊಮ್ಮೆ ಬಡಿದೆ, ಅಂಗೈಯನ್ನು ಕಲ್ಲಿನ ಮೇಲಿಟ್ಟು. ಕಲ್ಲು ಅಂಗೈಯಡಿ ಜುಂ ಎನ್ನುತ್ತಿತ್ತು. ಶಾಲೆಯಲ್ಲಿ ಮಾಸ್ತರು ಶ್ರುತಿಕವೆ ಎಂಬ ಉಕ್ಕಿನ ಕವೆಯನ್ನು ಬಡಿದು ಮೇಜಿಗೆ ಊರಿದಾಗ ಮೇಜೇ ಹಾಡಿದ್ದು ನೆನಪಾಯಿತು.

ವಾಡಿಯಲ್ಲಿ ಹಾಡಿದ್ದು ಯಾವುದು? ಸೈಕಲ್ಲೋ, ಬಟ್ಟೆ ಒಗೆಯುವ ಕಲ್ಲೋ?

ನಮ್ಮೂರ ಕಲ್ಲು ಭಾಳ ಗಟ್ಟಿ, ಅದರಲ್ಲಿ ಸಂಶಯವಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ ದನಿ ಅದು, ಕೇಳಿದೊಡನೆ ಕಿವಿ ತಣ್ಣಗಾಗಿ ಮಿಕ್ಕದ್ದನ್ನು ಕೇಳುವುದನ್ನೇ ಬಿಟ್ಟಿತ್ತು. ಬೇರೆ ಊರಿನವನಾಗಿದ್ದರೆ ಈ ತಪ್ಪನ್ನು ಮಾಡಲು ಅವನಿಗೆ ಸಾಧ್ಯವೇ ಇರಲಿಲ್ಲ.

ಅಂದಿನಿಂದ ನನ್ನ ಅಂಜಿಕೆಯ ಜಾತಿಯೇ ಬದಲಾಯಿತು. ಇದುವರೆಗೆ ನಾನು ಅಂಜಿದ್ದೆಲ್ಲ ನನ್ನ ಮೈಗಾಗಿ. ನನ್ನ ಮೈಯ ಅಂಜಿಕೆಗೆ ಒಂದು ಮದ್ದಿದೆ, ಬ್ರೇಕ್ ಹಿಡಿದರೆ ಅದು ಅರ್ಧ ಇಳಿಯುತ್ತದೆ. ಇನ್ನೊಬ್ಬರ ಮೈಗಾಗಿ ಅಂಜಿದಾಗ ಹಿಡಿಯಲು ಕೈಗೆ ಏನೂ ಸಿಗುವುದಿಲ್ಲ. ಊಟಕ್ಕೆ ಕೂತರೆ ಚಿಂಚೋಳಿ ಗುಡ್ಡದ ಎರಡನೆಯ ತಿರುವು ಕಾಣುತ್ತಿತ್ತು. ಅಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮುಳ್ಳುಕಂಟಿಯ ಕೊರಕಲು. ರೇಣುಕಕ್ಕ ಕೆಂಪು ಸೈಕಲ್ಲಿನ ಮೇಲೆ ಬಗ್ಗಿ ಬರುತ್ತಿದ್ದಾಳೆ. ಮುಂದಿನದನ್ನು ಕಾಣಬಾರದೆಂದು ರೊಟ್ಟಿ ಬಿಟ್ಟು ಏಳುತ್ತಿದ್ದೆ. ಅಮ್ಮ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದಳು.

ಫೋನ್ ಮಾಡಿದೆ.

"ಅಕ್ಕಾ, ಆ ಸೈಕಲ್ ಹತ್ತಬ್ಯಾಡ. ಜರಾ ಮತ್ತೊಮ್ಮೆ ಬಡದು ನೋಡ್ಬೇಕು."

"ಯಾಕೋ? ನೀನ ಅಂದಿ ಪಕ್ಕಾ ಗಟ್ಟಿ ಅಂತ."

"ಅಂದಿದ್ದೆ. ಅದು ಕಲ್ಲಿನ ಸಪ್ಪಳ ಇದ್ರ ಹ್ಯಾಂಗ ಅಂತ."

ಕಲ್ಲಿನ ಕಥೆಯನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬೈದಳು. "ನಿಂದು ಏನೋ ಇದು, ಅಂಜಬುರುಕ! ನಿನ್ನೆ ಸಾಲಿಗೆ ಅದರ ಮ್ಯಾಲ ಹೋಗೀನಿ, ಹಾರಿದಂಗ ಹೋತು. ಅಣ್ಣಾರಿಗೆ ಏನಂತ ಹೇಳ್ಲಿ? ಲಗ್ನ ಆಗಿ ಅಕ್ಕಿಕಾಳ ಬಿದ್ದ ಮ್ಯಾಲ ಹುಡುಗನ್ನ ನೋಡ್ಲಿಕ್ಕ ಬಂದೀವಿ ಅಂತ ಹೇಳ್ಲೇನು?"

"ನಾನ ಹೇಳ್ತೀನಿ."

"ನೀ ಹೇಳಿದ್ರ ಅವ ನಿನಗ ಬಡದು ನೋಡ್ತಾನ, ಟಣ್ ಅಂತೀಯೋ ದಬ್ ಅಂತೀಯೋ ಅಂತ."

ಕೊನೆಗೆ ಒಂದು ಮಾತಿಗೆ ಒಪ್ಪಿದಳು. ಪಂದ್ಯವಿರುವ ಭಾನುವಾರದವರೆಗೆ ಕೆಂಪು ಸೈಕಲ್ ಹತ್ತುವುದಿಲ್ಲ. ಚಿಂಚೋಳಿಯ ಗೆಳೆಯನ ಮೂರು ಗಾಲಿಯ ಟಂಟಂನಲ್ಲಿ ಹೊಸದನ್ನೂ ಹಳೆಯ ಕಬ್ಬಿಣದ್ದನ್ನೂ ಎರಡನ್ನೂ ಗುಡ್ಡದ ನೆತ್ತಿಗೆ ತರುತ್ತಾಳೆ. ಅಲ್ಲಿ ಎಲ್ಲರೆದುರು ಮತ್ತೊಮ್ಮೆ ಬಡಿಯಬೇಕು. ಟಣ್ ಎಂದರೆ ನಾನು ಒಂದು ವರ್ಷ ಅವಳ ಸೈಕಲ್ ತೊಳೆದುಕೊಡಬೇಕು.

ಆ ಭಾನುವಾರ ಗುಡ್ಡ ಏರುವಾಗ ನಾನು ಮೊದಲ ಬಾರಿಗೆ ಏರಿನಲ್ಲೂ ಅಂಜಿದೆ. ಎರಡು ಅಂಜಿಕೆಗಳು ನನ್ನೊಳಗೆ ಪಂದ್ಯಕ್ಕೆ ಬಿದ್ದಿದ್ದವು. ದಬ್ ಎಂದರೆ ಶಿವಶರಣಪ್ಪಣ್ಣನ ಮುಖ ಹೇಗೆ ನೋಡುವುದು? ಟಣ್ ಎಂದರೆ, ಅದನ್ನು ಈ ಕಿವಿ ಇನ್ನು ಹೇಗೆ ನಂಬುವುದು? ದಾರಿಯುದ್ದಕ್ಕೂ ತೇಗದ ಒಣ ಎಲೆಗಳು ಗಾಲಿಗೆ ಸಿಕ್ಕು ಚಟ್ ಎನ್ನುತ್ತಿದ್ದವು. ಪ್ರತಿ ಚಟ್‌ಗೂ ನನ್ನ ಹೆಗಲು ಮೇಲೇರುತ್ತಿತ್ತು.

ನೆತ್ತಿಯಲ್ಲಿ ಒಂದು ಬೇವಿನ ಮರವಿದೆ. ಶಿವಶರಣಪ್ಪಣ್ಣನಿಗೆ ವಿಷಯ ಹೇಳಿದೆ. ಅವನ ಮೀಸೆ ಒಮ್ಮೆ ಅಲುಗಿತು.

"ಅಂದ್ರ ನನ್ನ ಸೈಕಲ್ ಮ್ಯಾಲ ನಿನಗ ಭರೋಸಾ ಇಲ್ಲ?"

"ನನ್ನ ಕಿವಿ ಮ್ಯಾಲ ಇಲ್ರಿ ಅಣ್ಣಾ."

"ಬಡಿ. ಆದ್ರ ಬಡದ ಮ್ಯಾಲ ನನ್ನ ಮಾರಿ ನೋಡಿ ಹೇಳ್ಬೇಕು."

ಕಲ್ಲು, ನೆಲ, ಟಂಟಂ ಯಾವುದೂ ತಾಗದಂತೆ ಮಾಡಬೇಕಿತ್ತು. ಗಾಲಿ ಬಿಚ್ಚಿ, ಹಳೆಯ ಟ್ಯೂಬೊಂದರಿಂದ ಚೌಕಟ್ಟನ್ನು ಬೇವಿನ ಕೊಂಬೆಗೆ ತೂಗುಹಾಕಿದೆವು. ಎಲ್ಲರೂ ಸುತ್ತ ನಿಂತರು. ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಒಂದು ಪೆಟ್ಟನ್ನು ನಂಬದೆ ಒಂದೊಂದು ಕಡೆಯೂ ಎರಡೆರಡು ಸಲ ಬಡಿಯುತ್ತಿದ್ದೆ.

"ಸೈಕಲ್ ಬಡಿಯಾಕತ್ತೀಯೋ, ತಬಲಾ ಬಾರಸಾಕತ್ತೀಯೋ?" ಎಂದಳು ರೇಣುಕಕ್ಕ.

ಮೇಲಿನ ಕೊಳವೆ ಟಣ್. ಹಿಂದಿನವು ಟಣ್. ಕೆಳಗಿನ ದಪ್ಪ ಕೊಳವೆಯಲ್ಲಿ ಟಣ್, ಟಣ್, ಪೆಡಲಿನ ಹತ್ತಿರ ಬಂದಾಗ ದಬ್. ಸರಿದು ಬಡಿದೆ, ಟಣ್. ಮತ್ತೆ ಅಲ್ಲಿಗೆ ಬಂದೆ, ದಬ್. ನನ್ನ ಕಿವಿಯೇ ಬೇಕಿರಲಿಲ್ಲ, ಟಂಟಂ ಓಡಿಸುವವನಿಗೂ ಕೇಳಿಸಿತು.

ಕೊಳವೆಯ ಕೆಳಮೈ ಅದು. ಸೈಕಲ್ ತೊಳೆಯುವಾಗ ಕಿವಿಯ ಹಿಂದಿನ ಜಾಗದಂತೆ ಎಲ್ಲರೂ ಮರೆಯುವ ಭಾಗ. ಅಲ್ಲಿ ಬೂದುಬಣ್ಣದ ಹೆಕ್ಕಳ ಕಟ್ಟಿತ್ತು. ನಮ್ಮ ಕಡೆ ಗಾಳಿಯಲ್ಲೇ ಸಿಮೆಂಟ್ ಪುಡಿ ಇರುತ್ತದೆ. ಒಂದು ಮಳೆ ಬಿದ್ದರೆ ಅದು ಕೂತಲ್ಲೇ ಕಲ್ಲಾಗುತ್ತದೆ. ನಾಣ್ಯದ ಅಂಚಿನಿಂದ ಕೆರೆದೆ. ಹೆಕ್ಕಳ ಎದ್ದು ಬಂತು. ಅದರಡಿಯಲ್ಲಿ, ಕೆಂಪು ಬಣ್ಣದ ನಡುವೆ, ಕೂದಲೆಳೆಯಂಥ ಗೆರೆ, ಕೊಳವೆಯನ್ನು ಅರ್ಧ ಸುತ್ತಿತ್ತು. ಲಾರಿಯ ಗಾಲಿಯಿಂದ ಸಿಡಿದ ಜಲ್ಲಿ ಎಂದೋ ಬಡಿದಿರಬೇಕು. ಬಿರುಕು ಕೊಟ್ಟದ್ದೂ ನಮ್ಮ ರಸ್ತೆ, ಅದರ ಮೇಲೆ ಗಿಲಾವು ಮಾಡಿ ಮುಚ್ಚಿದ್ದೂ ನಮ್ಮ ಗಾಳಿ.

ನಾನು ಶಿವಶರಣಪ್ಪಣ್ಣನ ಮುಖ ನೋಡಿ ಹೇಳಬೇಕಿತ್ತು. ತಿರುಗಿದೆ. ಅವನು ಗೆರೆಯನ್ನೇ ನೋಡುತ್ತಿದ್ದ. ಬೆರಳು ತಂದು ಅದರ ಮೇಲೆ ಇಡಲು ಹೋಗಿ, ಕೆಂಡ ಕಂಡವರಂತೆ ಹಿಂತೆಗೆದ. ಆಮೇಲೆ ಮೈಲಿಗಲ್ಲಿನ ಮೇಲೆ ಮೆಲ್ಲಗೆ ಕುಳಿತ.

"ಮಾರೂಕಿಂತ ಹಿಂದಿನ ವಾರ ಇಳದೀನಿ," ಎಂದ. "ಇದ ಗುಡ್ಡ. ಎರಡೂ ಕೈ ಬಿಟ್ಟು ಇಳದೀನಿ. ಹಾಡ ಹಾಡ್ಕೋತ."

ಹುಲಿಯಂಥ ಮನುಷ್ಯ ತನ್ನ ಎರಡೂ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡ. ಅಂಜಿಕೆ ಹೀಗೂ ಬರುತ್ತದೆಂದು ನನ್ನ ಪಟ್ಟಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಅಪಾಯ ದಾಟಿಹೋದ ಎಷ್ಟೋ ದಿನಗಳ ಮೇಲೆ, ವಿಳಾಸ ಹುಡುಕುತ್ತ ಹುಡುಕುತ್ತ, ಕೊನೆಗೆ ಮೈಲಿಗಲ್ಲಿನ ಹತ್ತಿರ ಬಂದು ಮುಟ್ಟಿದ ಅಂಜಿಕೆ.

ರೇಣುಕಕ್ಕ ಅವನ ಪಕ್ಕ ಮಂಡಿಯೂರಿ ಕುಳಿತಳು. ಚೀಲದಿಂದ ಬಾಟಲಿ ತೆಗೆದಳು. ಕೆಂಪು ಸೈಕಲ್ಲಿನ ಬಾಟಲಿ. ಮುಂಜಾನೆಯೇ ಮನೆಯಿಂದ ತುಂಬಿಸಿಕೊಂಡು ಬಂದಿದ್ದಳು. ಅಂದರೆ ಫೋನಿನಲ್ಲಿ ಅಷ್ಟು ಬೈದವಳೂ ಅಂಜಿಯೇ ಬಂದಿದ್ದಳು.

"ತಗೋರಿ ಅಣ್ಣಾರ, ನೀರು ಕುಡೀರಿ," ಎಂದಳು. ಅಷ್ಟೇ ಎಂದಳು.

ನಮ್ಮ ಗುಂಪಿನಲ್ಲಿ ಬಾಟಲಿ ಹಿಂದಿರುಗಿದ್ದು ಅದೇ ಮೊದಲು. ಮುಖಕ್ಕೆ ಹೊಡೆದಂತೆ ಇರುತ್ತದೆಂದು ನಾವೆಲ್ಲ ಅಂದುಕೊಂಡಿದ್ದೆವಲ್ಲ, ಅದು ಬಾಯಾರಿದವನಿಗೆ ನೀರು ಕೊಟ್ಟಂತೆ ಇತ್ತು. ಅವನು ಗಟಗಟ ಕುಡಿದ. ಯಾಕೆ ಏನು ಎನ್ನಲಿಲ್ಲ. ಅರ್ಧ ಉಳಿಸಿ ಬಾಟಲಿಯನ್ನು ನನ್ನತ್ತ ಚಾಚಿದ. "ನೀನೂ ಕುಡಿ ತಮ್ಮಾ. ನಿನ್ನ ಮಾರಿನೂ ಸುಣ್ಣ ಆಗ್ಯದ."

ಕೆಂಪು ಚೌಕಟ್ಟನ್ನು ಟಂಟಂಗೆ ಏರಿಸಿದರು. ಪಂದ್ಯ ಆಡುವ ಮನಸ್ಸು ಯಾರಿಗೂ ಇರಲಿಲ್ಲ. ಆದರೂ ಕೆಳಗೆ ಇಳಿಯಲೇಬೇಕಲ್ಲ, ಚಹಾ ಇರುವುದು ಕೆಳಗೆ ಐನಾಪುರದ ಹಾದಿಯಲ್ಲಿ. ಎಲ್ಲರೂ ಸೈಕಲ್ ಹಿಡಿದು ನಿಂತರು, ಒಬ್ಬರೂ ಹತ್ತಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರತಿಯೊಬ್ಬರ ಕಣ್ಣೂ ತಮ್ಮ ತಮ್ಮ ಸೈಕಲ್ಲಿನ ಕೆಳಮೈಗೆ ಹೋಗಿ ಬರುತ್ತಿತ್ತು.

ಕೊನೆಗೆ ಶಿವಶರಣಪ್ಪಣ್ಣ ತನ್ನ ಬೇರೆ ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನನ್ನ ಕಡೆ ನೋಡಿದ.

"ಡೈರಿ, ನೀ ಮುಂದ ನಡಿ. ಅಂಜಕೋತ ಹ್ಯಾಂಗ ಇಳಿಯೂದು ಅಂತ ನಿನಗ ಗೊತ್ತದ. ನಾವು ನಿನ್ನ ಹಿಂದ ಬರ್ತೀವಿ."

ಹೊರಟೆ. ಎರಡೂ ಬ್ರೇಕಿನ ಮೇಲೆ ಬೆರಳಿಟ್ಟು, ತಿರುವಿಗೆ ಬಹಳ ಮೊದಲೇ ನಿಧಾನಿಸಿ, ಗುಂಡಿಗೆ ಕೈ ತೋರಿಸಿ, ಒಣ ಎಲೆಯ ರಾಶಿಯನ್ನು ಸುತ್ತಿ ಬಳಸಿ, ಎಂದಿನಂತೆ ಅಂಜುತ್ತ. ಎರಡನೆಯ ತಿರುವಿನ ಬಂಡೆ ಬಂತು, ಹೋಯಿತು. ಹಿಂದೆ ರೇಣುಕಕ್ಕನ ಹಳೆಯ ಕಬ್ಬಿಣ ಕಿರುಗುಟ್ಟುವುದು ಕೇಳುತ್ತಿತ್ತು. ಅಷ್ಟು ಒಳ್ಳೆಯ ಸಂಗೀತವನ್ನು ನಾನು ಕೇಳಿದ್ದಿಲ್ಲ. ಅದರ ಹಿಂದೆ ನಮ್ಮ ಇಡೀ ಗುಂಪು, ಮದುವೆಯ ದಿಬ್ಬಣದಂತೆ, ನನ್ನ ಅಂಜಿಕೆಯ ವೇಗದಲ್ಲಿ ಇಳಿಯಿತು. ಯಾರೂ ದಾಟಲಿಲ್ಲ, ಕ್ಷೇಮಸಮಾಚಾರ ಕೇಳಲಿಲ್ಲ.

ಸಂಜೆ ಡೈರಿ ತೆರೆದು ತಾರೀಖು ಹಾಕಿದೆ. ಗಾಳಿ ಪಡುವಣದಿಂದ ಎಂದು ಬರೆದೆ. ಮೂರನೆಯ ಕಾಲಮ್ಮಿಗೆ ಬಂದಾಗ ಪೆನ್ನು ಸ್ವಲ್ಪ ತಡೆಯಿತು. ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ. ಹಾಗಾಗಿ ನಡೆದದ್ದನ್ನೇ ಬರೆದೆ: ಚಿಂಚೋಳಿ ಗುಡ್ಡದ ಇಳಿಜಾರು, ಮೊದಲನೆಯ ಸ್ಥಾನ.